ಅತ್ತಿಗೆಯ ಡಬ್ಬಿ ಹೊತ್ತು ಹೊಸಕೋಟೆಗೆ

ಮಂಗಳವಾರ ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ದೊಡ್ಡಬಳ್ಳಾಪುರ ಬಿಟ್ಟೆವು. ನಾನು, ನಮ್ಮಣ್ಣ ಗಂಗಣ್ಣ, ನನ್ನ ಹಳೇ ಪಿಕಪ್ಪು. ಹಿಂದುಗಡೆ ಒಂದು ಟೆಂಟು, ಒಂದು ಸ್ಟವ್ವು, ಕಂಬಳಿ ಸುತ್ತಿದ ಒಂದು ಪುಟ್ಟ ಫ್ರಿಜ್ಜು. ನಮ್ಮ ಬೀದಿಯಲ್ಲಿ ಲೈನು ಬದಲಾಯಿಸುವ ಕೆಲಸ, ಎರಡು ದಿನ ಕರೆಂಟಿಲ್ಲ ಅಂತ ಹೇಳಿ ಹೋಗಿದ್ದರು. ಪವರ್‌ಲೂಮ್ ಇಟ್ಟುಕೊಂಡವರಿಗೆ ಕರೆಂಟಿಲ್ಲದ ದಿನವೇ ರಜೆ. ಅಂಥ ರಜೆ ಸಿಕ್ಕಿದಾಗೆಲ್ಲ ಯಾವುದಾದರೂ ತೋಪಿನಲ್ಲಿ ಟೆಂಟು ಹಾಕಿ ಮಲಗಿ ಬರುವ ಹುಚ್ಚು ನನಗೆ. ಅಣ್ಣನಿಗೆ ಅದೆಲ್ಲ ಇಲ್ಲ. ಅವನು ಬಂದದ್ದು ಫ್ರಿಜ್ಜಿನ ಕಾವಲಿಗೆ.

ಫ್ರಿಜ್ಜಿನಲ್ಲಿದ್ದದ್ದು ಒಂದೇ ಒಂದು ಸ್ಟೀಲ್ ಡಬ್ಬಿ. ಅದರಲ್ಲಿ ಒಬ್ಬಟ್ಟಿನ ಸಾರು, ಕಲ್ಲಿನ ಹಾಗೆ ಗಟ್ಟಿಯಾಗಿದ್ದದ್ದು. ಹೋದ ಯುಗಾದಿಗೆ ನಮ್ಮತ್ತಿಗೆ ಸರೋಜಮ್ಮ ಮಾಡಿದ್ದು. ಅವರ ಮಗಳು ಶೋಭಾ ಆಗ ಹೊಸಕೋಟೆಯ ಗಂಡನ ಮನೆಯಲ್ಲಿ ತುಂಬು ಬಸುರಿ, ಡಾಕ್ಟರು ಓಡಾಡಬೇಡಿ ಅಂದಿದ್ದರಿಂದ ಹಬ್ಬಕ್ಕೆ ಬಂದಿರಲಿಲ್ಲ. “ಇದು ಶೋಭಂದು, ಯಾರೂ ಮುಟ್ಟಕೂಡದು” ಅಂತ ಅತ್ತಿಗೆ ಒಂದು ಡಬ್ಬಿ ತುಂಬಿ ಫ್ರೀಜರಿಗೆ ಹಾಕಿದರು. ಅದೇ ವಾರ ಮಗ್ಗದ ಮುಂದೆ ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ.

ಡಬ್ಬಿ ಅಲ್ಲೇ ಉಳಿಯಿತು. ಮೊದಲು ಸೂತಕ ಅಂದ ಅಣ್ಣ. ಆಮೇಲೆ ಬಾಣಂತಿಗೆ ಹುಳಿ ಖಾರ ಕೊಡಬಾರದು ಅಂದ. ಪಥ್ಯ ಮುಗಿದ ಮೇಲೆ ಹೇಳೋಕೆ ಏನೂ ಉಳಿಯಲಿಲ್ಲ, ಆದರೂ ಕೊಡಲಿಲ್ಲ. ದಿನಾ ರಾತ್ರಿ ಫ್ರೀಜರ್ ಬಾಗಿಲು ತೆಗೆದು ಒಂದು ಸಲ ನೋಡಿ ಮಲಗುತ್ತಿದ್ದ. ಶೋಭಾಗೆ ಈ ವಿಷಯವೇ ಗೊತ್ತಿಲ್ಲ. ಈಗ ಇನ್ನೊಂದು ಯುಗಾದಿ ಹತ್ತಿರ ಬಂತು, ಕರೆಂಟೂ ಹೋಗುತ್ತೆ ಅಂದರು. ಆಗ ಅವನೇ ಬಾಯಿಬಿಟ್ಟ: “ಲೇ ನಾಗ, ಅದನ್ನ ಶೋಭಂಗೆ ಮುಟ್ಟಿಸಿಬಿಡೋಣ ಕಣೋ.”

“ಯಾರ ಮನೇಲಾದ್ರೂ ಎರಡು ದಿನ ಇಟ್ಟಿರೋಣ” ಅಂದೆ. “ಅವರಿಗೆ ಜಾಗ ಬೇಕಾದ್ರೆ ಎತ್ತಿ ಆಚೆ ಇಡ್ತಾರೆ” ಅಂದ. ಮಂಗಳವಾರ ಮಗಳ ಮನೆಗೆ ಕಾಲಿಡಲ್ಲ, ಬುಧವಾರವೇ ಆಗಬೇಕು ಅಂತ ಬೇರೆ. ಸರಿ, ಮಂಗಳವಾರ ರಾತ್ರಿ ದೇವನಹಳ್ಳಿ ಕಡೆಯ ಚನ್ನರಾಯಪಟ್ಟಣದ ಹತ್ತಿರ ಸ್ನೇಹಿತನ ಮಾವಿನ ತೋಪಿನಲ್ಲಿ ಮಲಗುವುದು, ಮಾರನೇ ದಿನ ಹೊಸಕೋಟೆ ಅಂತ ಮಾತಾಯಿತು.

ಗಾಡಿಯಿಂದ ಫ್ರಿಜ್ಜಿಗೆ ಕರೆಂಟು ಕೊಡುವುದು ನನ್ನ ಪಾಲಿನ ಕೆಲಸ. ಸಿಗರೇಟು ಹೊತ್ತಿಸುವ ಸಾಕೆಟ್ಟಿಗೆ ಸಿಗಿಸಿದರೆ ಕೀಲಿ ತೆಗೆದ ಕೂಡಲೇ ನಿಂತುಹೋಗುತ್ತೆ. ಅದಕ್ಕೆ ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಮಧ್ಯೆ ಫ್ಯೂಸು ಹಾಕಿ, ಪಕ್ಕದ ಕ್ಲೀನರ್ ಸೀಟಿನಲ್ಲಿ ಕೂತವರ ಮೊಣಕಾಲ ಹತ್ತಿರ ಒಂದು ಸ್ವಿಚ್ಚು ಕೂರಿಸಿದೆ. ಗಾಡಿ ನಿಂತಾಗ ಬ್ಯಾಟರಿ ಪೂರ್ತಿ ಇಳಿಯದ ಹಾಗೆ ಆಗಾಗ ಇಂಜಿನ್ ಓಡಿಸಿದರೆ ಆಯಿತು. ಹಿಂದಿನ ರಾತ್ರಿಯೇ ಓಡಿಸಿ ನೋಡಿದ್ದೆ, ಡಬ್ಬಿಯ ಮೇಲೆ ಹಿಮ ಕೂತಿತ್ತು. ಬಿಸಿಲು ತಾಗಬಾರದು ಅಂತ ಅಣ್ಣ ಕಂಬಳಿ ಸುತ್ತಿ, ಮೇಲೆ ಟಾರ್ಪಾಲು ಹೊದಿಸಿ, “ಹೊಸಕೋಟೆ ತನಕ ಮುಚ್ಚಳ ತೆಗೆದ್ರೆ ನೋಡು” ಅಂತ ನನಗೇ ಬೆರಳು ತೋರಿಸಿದ.

ಮೊದಲು ನಿಂತದ್ದು ರಾಜಘಟ್ಟದಲ್ಲಿ. ನೆಲ ಅಗೆದು ಬೌದ್ಧರ ಕಾಲದ ಇಟ್ಟಿಗೆ ಕಟ್ಟಡ ಕಂಡುಹಿಡಿದ ದಿಣ್ಣೆಯನ್ನು ನೋಡಬೇಕು ಅಂತ ಎಷ್ಟೋ ವರ್ಷದಿಂದ ಅಂದುಕೊಂಡಿದ್ದೆ. ಪಕ್ಕದೂರಿನದನ್ನು ನೋಡುವುದು ಯಾವಾಗಲೂ ನಾಳೆಗೇ. ಇಂಜಿನ್ ಆಫ್ ಮಾಡಿ ಇಳಿದೆ, ಅಣ್ಣ ಸೀಟಿನಲ್ಲೇ ಕೂತ. ದಿಣ್ಣೆಯ ಮೇಲೆ ಕುರುಚಲು ಗಿಡ, ಕೆಂಪು ಮಣ್ಣು. ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕ, “ಏನ್ ಹುಡುಕ್ತಿದ್ದೀಯಪ್ಪ? ಇದ್ದಿದ್ದನ್ನೆಲ್ಲ ಆಗ್ಲೇ ತಗೊಂಡೋದ್ರು” ಅಂದ. ಸ್ವಲ್ಪ ಹೊತ್ತು ಸುತ್ತಾಡಿ ಗಾಡಿಗೆ ಬಂದೆ.

ದೇವನಹಳ್ಳಿ ದಾಟುವ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ತಲೆ ಮೇಲೆ ವಿಮಾನ ಹೋದರೆ ನಾನು ಬಗ್ಗಿ ನೋಡುತ್ತೇನೆ, ಅಣ್ಣನಿಗೆ ಅದರ ಶಬ್ದವೂ ಗೊತ್ತಾಗುವುದಿಲ್ಲ. ಚಿಕ್ಕಂದಿನಿಂದ ಮಗ್ಗದ ಸದ್ದಿನಲ್ಲಿ ಬೆಳೆದ ನಮ್ಮಿಬ್ಬರ ಕಿವಿಯೂ ಅಷ್ಟಕ್ಕಷ್ಟೇ. ಅಲ್ಲೇ ಮುಂದಿನ ವಿಜಯಪುರದಲ್ಲಿ ಊಟ: ಮುದ್ದೆ, ಅವರೆಕಾಳಿನ ಸಾರು, ಎಂಬತ್ತು ರೂಪಾಯಿ. ಬೀದಿಯಲ್ಲೆಲ್ಲ ಬೇಯಿಸಿದ ರೇಷ್ಮೆಗೂಡಿನ ವಾಸನೆ. ಪಕ್ಕದಲ್ಲಿ ಕೂತಿದ್ದ, ಗೂಡಿನಿಂದ ನೂಲು ತೆಗೆಯುವ ರೀಲರ್ ಒಬ್ಬ, “ನಿಮ್ಮೂರಲ್ಲಿ ಎರಡು ದಿನ ಮಗ್ಗ ಇಲ್ವಂತೆ? ಮಜಾ ಮಾಡಿ ಗುರು” ಅಂದ. ಅಣ್ಣ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿರ ಹೋಗಿ ನಿಂತ. ನೆರಳೇ ಇರಲಿಲ್ಲ, ಪಿಕಪ್ಪಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತು.

ನಾನು ಇಂಜಿನ್ ಶುರು ಮಾಡಿದಾಗ ಅವನು ಟಾರ್ಪಾಲಿನ ಕೆಳಗೆ ಕೈ ತೂರಿಸಿ ಫ್ರಿಜ್ಜಿನ ಮೇಲೆ ಅಂಗೈ ಇಟ್ಟ. ಮಗ್ಗದ ಮೋಟರು ಸರಿಯಾಗಿದೆಯೋ ಇಲ್ಲವೋ ಅಂತ ನಾವು ನೋಡುವುದು ಹಾಗೆಯೇ, ಕಿವಿಯಿಂದಲ್ಲ, ಅಂಗೈಯಿಂದ. “ಓಡ್ತಿದೆ ಕಣೋ. ನಡಿ” ಅಂದ.

ಚನ್ನರಾಯಪಟ್ಟಣದ ಆಚೆ ಮುನಿಯಪ್ಪನ ತೋಪು. ಜಮೀನು ಕೈಗಾರಿಕೆಗೆ ಕೊಡಲ್ಲ ಅಂತ ವರ್ಷಗಟ್ಟಲೆ ಧರಣಿ ಕೂತವರಲ್ಲಿ ಮುನಿಯಪ್ಪನೂ ಒಬ್ಬ. ನಾವು ಟೆಂಟಿನ ಗೂಟ ಹೊಡೆಯುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದ. “ನಾವು ಶಾಮಿಯಾನದ ಕೆಳಗೆ ಮಲಗಿ ಮಲಗಿ ಸಾಕಾಗಿ ಮನೆ ಸೇರಿದ್ರೆ, ನೀವು ಮನೆ ಬಿಟ್ಟು ಬಂದು ಮಲಗ್ತೀರಲ್ಲ ಗುರು!” ಅಂತ ನಕ್ಕ. ಆಮೇಲೆ ವೈರು ನೋಡಿ, “ಅದೇನು ಫ್ರಿಜ್ಜಾ? ಪಂಪ್ ಮನೇಲಿ ಕರೆಂಟಿದೆ, ಎಳ್ಕೊಡ್ಲಾ?” ಅಂತ ಕೇಳಿದ.

ಬ್ಯಾಟರಿಗೆ ಚಾರ್ಜ್ ಆಗಲಿ ಅಂತ ನಾನು ಆಗ ಇಂಜಿನ್ ಓಡಿಸುತ್ತಿದ್ದೆ. ಅಣ್ಣ ಮತ್ತೆ ಅಂಗೈ ಇಟ್ಟು ನೋಡಿದ. “ಬೇಡಪ್ಪ, ಚೆನ್ನಾಗಿ ಓಡ್ತಿದೆ” ಅಂದ.

ಅವತ್ತು ಸಂಜೆ ಅವನು ಮಾತಾಡಿದಷ್ಟು ವರ್ಷವಿಡೀ ಮಾತಾಡಿರಲಿಲ್ಲ. ನಾಳೆ ಶೋಭಾ ಮುಚ್ಚಳ ತೆಗೆದ ಕೂಡಲೇ ವಾಸನೆಯಲ್ಲೇ ಕಂಡುಹಿಡಿಯುತ್ತಾಳೆ, ಅನ್ನಕ್ಕೆ ಕಲಸಿ ಮಗೂಗೂ ಒಂದು ಚೂರು ನೆಕ್ಕಿಸಬೇಕು, ಅಜ್ಜಿ ಕೈಯದ್ದು ಅದಕ್ಕೂ ಒಂದು ಸಲ ಸೇರಲಿ. ಇದನ್ನೇ ತಿರುಗಿಸಿ ಮುರುಗಿಸಿ ಹೇಳಿದ. “ಸಾಕು ಮಾರಾಯ, ಮಲಕ್ಕೋ” ಅಂದೆ. ನನಗೂ ಒಳಗೆ ಖುಷಿಯಾಗಿತ್ತು.

ಬೆಳಿಗ್ಗೆ ಕಾಫಿಗೆ ನೀರಿಟ್ಟು, ಬ್ಯಾಟರಿ ಎಷ್ಟು ಇಳಿದಿದೆ ಅಂತ ಮೀಟರ್ ಹಿಡಿದು ನೋಡಿದೆ. ಒಂಚೂರೂ ಇಳಿದಿರಲಿಲ್ಲ. ರಾತ್ರಿಯೆಲ್ಲ ಫ್ರಿಜ್ಜು ಓಡಿದ್ದರೆ ಇಳಿಯಲೇಬೇಕು. ಕ್ಲೀನರ್ ಸೀಟಿನ ಮುಂದೆ ಬಗ್ಗಿ ನೋಡಿದರೆ ಸ್ವಿಚ್ಚು ಆಫ್ ಆಗಿತ್ತು.

ಅಣ್ಣ ಹಿಂದೆಯೇ ನಿಂತಿದ್ದ. ಸ್ವಿಚ್ಚು ನೋಡಿದ, ತನ್ನ ಎಡಗೈ ನೋಡಿಕೊಂಡ. “ರಾಜಘಟ್ಟದಲ್ಲಿ ಇಂಜಿನ್ ನಿಂತಿತಲ್ಲ” ಅಂದ, ಅಷ್ಟೇ.

ಅವನು ಹೆಚ್ಚು ಹೇಳುವುದು ಬೇಕಿರಲಿಲ್ಲ. ಮಗ್ಗದ ಮನೆಯಲ್ಲಿ ಕರೆಂಟು ಹೋಗಿ ಸದ್ದು ನಿಂತರೆ ಮೊದಲು ಮಾಡುವ ಕೆಲಸ ಸ್ವಿಚ್ಚು ಆರಿಸುವುದು. ಇಲ್ಲದಿದ್ದರೆ ಕರೆಂಟು ಬಂದಾಗ ಮಗ್ಗ ತಾನಾಗಿ ಜಗ್ಗಿ ಎಳೆಯೆಲ್ಲ ಕಿತ್ತುಹೋಗುತ್ತೆ. ನಮ್ಮಪ್ಪ ತಲೆಗೆ ಮೊಟಕಿ ಮೊಟಕಿ ಕಲಿಸಿದ್ದು ಅದು. ಸದ್ದು ನಿಂತ ಕೂಡಲೇ ನಮ್ಮವರ ಕೈ ತಾನೇ ಹೋಗುತ್ತೆ, ತಲೆಯನ್ನು ಕೇಳುವುದಿಲ್ಲ. ಆಮೇಲೆ ಎರಡು ಸಲ ಅವನ ಅಂಗೈಗೆ ಸಿಕ್ಕಿದ್ದು ಫ್ರಿಜ್ಜಿನದಲ್ಲ, ಇಂಜಿನ್ನಿನ ನಡುಕ. ಅಯ್ಯೋ, ಆ ಸ್ವಿಚ್ಚಿಗೆ ಒಂದು ಕೆಂಪು ದೀಪ ಹಾಕೋಕೆ ನನಗೇನು ದಾಡಿಯಾಗಿತ್ತು!

ಡಬ್ಬಿಯ ಮುಚ್ಚಳ ಉಬ್ಬಿತ್ತು. ತೆಗೆದ ಕೂಡಲೇ ಬುಸ್ಸೆಂದಿತು, ಮೇಲೆಲ್ಲ ನೊರೆ. ವಾಸನೆಗೆ ನಾನು ಮುಖ ತಿರುಗಿಸಿಬಿಟ್ಟೆ. ಅಣ್ಣ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. “ಅಣ್ಣ, ಬೇಡ” ಅಂದೆ. ಅವನು ಕೇಳಲಿಲ್ಲ, ಇನ್ನೊಂದು ಸಲ ಅದ್ದಿದ.

“ಹಳಸಿದೆ” ಅಂದ. ಬೆರಳು ಚೀಪಿ, “ಉಪ್ಪು ಮಾತ್ರ ಅವಳದೇ ಕಣೋ” ಅಂದ.

ನನಗೆ ಅಳು ತಡೆಯಲಾಗಲಿಲ್ಲ. ಅವನು ಅಳಲಿಲ್ಲ. ಒಂದು ಮಾವಿನ ಮರದ ಬುಡದಲ್ಲಿ ಕೈಯಿಂದಲೇ ಗುಂಡಿ ತೋಡಿ, ಸಾರು ಸುರಿದು, ಮಣ್ಣು ಮುಚ್ಚಿದ. ಪಂಪಿನ ನೀರಿನಲ್ಲಿ ಬೂದಿ ಹಾಕಿ ಡಬ್ಬಿಯನ್ನು ಉಜ್ಜುತ್ತಾ ಕೂತ. ಎಷ್ಟು ಹೊತ್ತಾದರೂ ಏಳಲಿಲ್ಲ. ಮುನಿಯಪ್ಪನ ಹೆಂಡತಿ ನಂಜಮ್ಮ ಬಂದು ನೋಡಿದಳು. “ಖಾಲಿ ಡಬ್ಬಿ ಮಗಳ ಮನೆಗೆ ತಗೊಂಡೋಗ್ತಾರೇನಣ್ಣ?” ಅಂತ ಕಿತ್ತುಕೊಂಡು ಹೋಗಿ ರಾಗಿ ಹುರಿಹಿಟ್ಟು ತುಂಬಿ ತಂದುಕೊಟ್ಟಳು.

“ವಾಪಸ್ ಹೋಗೋಣ” ಅಂದ ಅಣ್ಣ. “ಇವತ್ತು ಬರ್ತೀವಿ ಅಂತ ಫೋನ್ ಮಾಡಿದ್ದೀವಿ, ಕಾಯ್ತಿರ್ತಾಳೆ” ಅಂದೆ. ಸೂಲಿಬೆಲೆ ಮೇಲೆ ಹೊಸಕೋಟೆ ಸೇರುವ ತನಕ ಅವನು ಒಂದೇ ಮಾತು ಆಡಿದ: “ಅವಳಿಗೆ ಹೇಳಿದ್ರೆ ನನ್ನಾಣೆ.”

ಶೋಭಾ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ಗೇಟಿಗೇ ಬಂದಳು. ಊಟ ಬಡಿಸಿದಳು. ಅಣ್ಣ ಡಬ್ಬಿ ಕೊಟ್ಟ.

“ಅಮ್ಮನ ಡಬ್ಬಿ ಅಲ್ವಾ ಇದು?” ಅಂದಳು. ಮುಚ್ಚಳ ತೆಗೆದು ನೋಡಿ, “ಹುರಿಹಿಟ್ಟಾ? ಅಷ್ಟು ದೂರದಿಂದ ಇದನ್ನ ಹೊತ್ಕೊಂಡು ಬಂದ್ಯೇನಪ್ಪಾ!” ಅಂತ ನಕ್ಕಳು. ಆಮೇಲೆ ನಗು ನಿಂತಿತು. “ಈ ಸಲ ಯುಗಾದಿಗೆ ಒಬ್ಬಟ್ಟು ಮಾಡೋಕೆ ಮನಸ್ಸೇ ಇಲ್ಲ ಕಣಪ್ಪಾ. ಅಮ್ಮ ಇದ್ದಿದ್ರೆ, ನಾನು ಬರದೇ ಇದ್ರೂ ಹೆಂಗಾದ್ರೂ ಮಾಡಿ ಸಾರು ಕಳಿಸ್ತಿದ್ಲು.”

“ಶೋಭಾ, ನಿಮ್ಮಮ್ಮ...” ಅಂತ ನನ್ನ ಬಾಯಿ ತೆರೆದೇಬಿಟ್ಟಿತ್ತು. ಅಣ್ಣ ನನ್ನ ತೊಡೆಯನ್ನು ಬಿಗಿಯಾಗಿ ಹಿಡಿದ.

“ಏನ್ ಚಿಕ್ಕಪ್ಪ?” ಅಂದಳು.

“ಏನಿಲ್ಲಮ್ಮ, ಮಗು ನಿಮ್ಮಮ್ಮನ ಹಾಗೇ ಇದೆ ಅಂದೆ.”

ಮಧ್ಯಾಹ್ನ ಕಳೆದ ಮೇಲೆ ಹೊರಟೆವು. ತಿರುವಿನಲ್ಲಿ ಕನ್ನಡಿಯಲ್ಲಿ ನೋಡಿದೆ, ಗೇಟಿನ ಹತ್ತಿರ ನಿಂತು ಮಗುವಿನ ಕೈ ಹಿಡಿದು ಟಾಟಾ ಮಾಡಿಸುತ್ತಿದ್ದಳು. ಅಣ್ಣ ತಿರುಗಿ ನೋಡಲಿಲ್ಲ. ಊರಾಚೆ ರಸ್ತೆಗೆ ಬಂದ ಮೇಲೆ ಅವನ ಭುಜ ಅಲುಗಾಡುತ್ತಿರುವುದು ಕಂಡು ಗಾಡಿಯನ್ನು ಪಕ್ಕಕ್ಕೆ ಹಾಕಿದೆ.

“ಅವಳು ಕಳಿಸಿದ್ಲು ಕಣೋ ನಾಗ” ಅಂದ. “ನಾನೇ ಮುಟ್ಟಿಸಲಿಲ್ಲ.”