ಪೊರಕೆಯವರು ಗುಡಿಸದೆ ಬಿಟ್ಟ ಕಂಪ್ಯೂಟರು

ಮಾರುಕಟ್ಟೆ ಬೀದಿಯಲ್ಲಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವರನ್ನು ಇಡೀ ಬೀದಿ ‘ಪೊರಕೆಯವರು’ ಎಂದೇ ಕರೆಯುತ್ತಿತ್ತು. ಎದುರಿಗೆ ಕರೆದರೂ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಇದಕ್ಕಿಂತ ಕೆಟ್ಟ ಹೆಸರು ಅಂಟಿಸಿಕೊಂಡವರು ಆ ಬೀದಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು.

ಬೇಡವಾದ ಪ್ರೋಗ್ರಾಮನ್ನು ತೆಗೆದುಹಾಕಿದರೆ ಅದು ಹೋಯಿತು ಎಂದು ನಂಬುವವರನ್ನು ಕಂಡರೆ ಪೊರಕೆಯವರಿಗೆ ಮರುಕ. ‘ಯಶಸ್ವಿಯಾಗಿ ತೆಗೆಯಲಾಗಿದೆ’ ಎಂದು ಪರದೆಯ ಮೇಲೆ ಬಂದಾಗಲೆಲ್ಲ “ನಿನ್ನ ತಲೆ” ಎಂದು ಗೊಣಗುತ್ತಿದ್ದರು. ಬಾಡಿಗೆಯವರು ಮನೆ ಖಾಲಿ ಮಾಡಿದ ಮೇಲೂ ಗೋಡೆಯಲ್ಲಿ ಮೊಳೆ, ಅಟ್ಟದಲ್ಲಿ ಹರಿದ ಚಾಪೆ, ಬಾಗಿಲಲ್ಲಿ ಹೆಸರು ಉಳಿಯುತ್ತದಲ್ಲ, ಇದೂ ಹಾಗೇ. ಎಲ್ಲೋ ಒಂದು ಮೂಲೆಯಲ್ಲಿ ಫೋಲ್ಡರು, ಅದರೊಳಗೆ ಹಳೆಯ ಫೈಲುಗಳು. ಅದಕ್ಕಿಂತ ಹೆಚ್ಚಾಗಿ ರಿಜಿಸ್ಟ್ರಿ. ಯಾವ ಪ್ರೋಗ್ರಾಮು ಎಲ್ಲಿದೆ, ಬೆಳಗ್ಗೆ ಯಾರನ್ನು ಮೊದಲು ಎಬ್ಬಿಸಬೇಕು ಎಂದು ಕಂಪ್ಯೂಟರು ಬರೆದಿಟ್ಟುಕೊಳ್ಳುವ ದೊಡ್ಡ ದಾಖಲೆ ಅದು. ಪ್ರೋಗ್ರಾಮು ಹೋದರೂ ಅದರ ಹೆಸರು ಅಲ್ಲಿ ಇಪ್ಪತ್ತು ಮೂವತ್ತು ಕಡೆ ಬಿದ್ದಿರುತ್ತದೆ. ಪೊರಕೆಯವರು ಒಂದೊಂದನ್ನೂ ಹುಡುಕಿ ತೆಗೆಯುತ್ತಿದ್ದರು. ತೆಗೆಯುವ ಮುಂಚೆ ಕಸುಬಿನ ನಿಯಮದಂತೆ ಎಲ್ಲದಕ್ಕೂ ಒಂದು ಪ್ರತಿ ಮಾಡಿಡುತ್ತಿದ್ದರು, ತೊಂಬತ್ತೊಂದನೆಯ ದಿನ ಆ ಪ್ರತಿಯನ್ನೂ ಅಳಿಸುತ್ತಿದ್ದರು. ಅಳಿಸಿದ್ದು ಮತ್ತೆ ಯಾರಿಗೂ ಸಿಗದಂತೆ ಖಾಲಿಯಾದ ಜಾಗದ ಮೇಲೆ ಸೊನ್ನೆ ಬರೆಸುತ್ತಿದ್ದರು. ಕೊನೆಗೆ ‘ಏನೂ ಉಳಿದಿಲ್ಲ’ ಎಂಬ ಚೀಟಿಯನ್ನು ಕಂಪ್ಯೂಟರಿನ ಬೆನ್ನಿಗೆ ಅಂಟಿಸಿ ಸಹಿ ಹಾಕುತ್ತಿದ್ದರು. ಹಾಗೆ ಮಾಡಿ ಎಂದು ಗಿರಾಕಿಗಳು ಕೇಳುತ್ತಿರಲಿಲ್ಲ.

ಅದೇ ಬೀದಿಯ ಇನ್ನೊಂದು ತುದಿಯಲ್ಲಿ ಇನ್ನೊಬ್ಬ ರಿಪೇರಿಯವನಿದ್ದ. ಅವನಿಗೆ ‘ಅರ್ಜೆಂಟು’ ಎಂದು ಹೆಸರು. ಯಾವ ಕೆಲಸವಾದರೂ ಹತ್ತೇ ನಿಮಿಷ. ಅವನು ಮುಟ್ಟಿದ ಕಂಪ್ಯೂಟರೆಂದರೆ ಉಂಡ ತಟ್ಟೆ ಎತ್ತದೆ ಎದ್ದು ಹೋದ ಹಾಗೆ ಎಂದು ಪೊರಕೆಯವರು ಹತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು.

ಪೊರಕೆಯವರಿಗೆ ಈ ಗುಡಿಸುವ ಗುಣ ಬಂದದ್ದು ಅಕ್ಕನಿಂದ. ಅಮ್ಮ ಬೇಗ ಹೋದ ಮನೆಯಲ್ಲಿ ಅಕ್ಕನೇ ಸಾಕಿದವಳು. ಚಿಕ್ಕವರಿದ್ದಾಗ ಮನೆ ಗುಡಿಸಿ ಎದ್ದರೆ ಅವಳು ಬಂದು ನೋಡಿ, “ಮೂಲೆ ಬಿಟ್ಟಿದ್ದೀಯ ಪುಟ್ಟ” ಎನ್ನುತ್ತಿದ್ದಳು. ಮತ್ತೆ ಗುಡಿಸಬೇಕು. ಈಗ ಅವರಿಗೆ ನಲವತ್ತೇಳು, ಈಗಲೂ ಅಕ್ಕನಿಗೆ ಪುಟ್ಟನೇ. ಅಕ್ಕ, ಭಾವ ಇಬ್ಬರೂ ಇವರ ಮನೆಯ ಕೆಳಗಿನ ಭಾಗದಲ್ಲೇ ಇದ್ದರು.

ಭಾವ ಮೂವತ್ತು ವರ್ಷ ಅಚ್ಚಿನ ಯಂತ್ರದ ಪಕ್ಕ ನಿಂತು ಕಿವಿ ಕಳೆದುಕೊಂಡವರು. ಅಕ್ಕ ಐದು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ದನಿ ಕಳೆದುಕೊಂಡವಳು. ಉಳಿದದ್ದು ಬಾಗಿಲ ಸಂದಿಯ ಗಾಳಿಯಂಥ ಒಂದು ಪಿಸುದನಿ. ದೇವರು ಜೋಡಿ ನೋಡಿಯೇ ಮಾಡಿದ್ದಾನೆ ಎಂದು ಭಾವ ತಾವೇ ತಮಾಷೆ ಮಾಡುತ್ತಿದ್ದರು. ಕಿವಿಯ ಕ್ಲಿನಿಕ್ಕಿನ ಹಳೆಯ ಡಾಕ್ಟರಮ್ಮ ಮಾತ್ರ ಅದನ್ನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಎಂಟು ತಿಂಗಳ ಕಾಲ ವಾರಕ್ಕೊಮ್ಮೆ ಇಬ್ಬರನ್ನೂ ಎದುರುಬದುರು ಕೂರಿಸಿ, ಅಕ್ಕನಿಂದ ಮಾತಾಡಿಸಿ, ಭಾವನ ಕಿವಿಯ ಯಂತ್ರವನ್ನು ಕೂದಲೆಳೆಯಷ್ಟೇ ಹೆಚ್ಚುಕಡಿಮೆ ಮಾಡುತ್ತಾ ಬಂದರು. ಕೊನೆಗೆ ಒಂದು ದಿನ ಭಾವ, “ಇವಳು ನನ್ನನ್ನ ಬೈತಿದ್ದಾಳೆ!” ಎಂದು ಹಿಗ್ಗಿದರು. ಆಮೇಲೆ ಅಕ್ಕ ಬಾಯಿ ಮುಚ್ಚಿದ್ದಿಲ್ಲ. ಬೇರೆ ಯಾರಿಗೆ ಹೇಳಿದರೂ “ಏನಂದ್ರಿ?” ಎಂದು ಮೂರು ಸಲ ಕೇಳುತ್ತಿದ್ದರು. ಒಂದೇ ಸಲಕ್ಕೆ ಕೇಳಿಸುತ್ತಿದ್ದುದು ಆ ಕಿವುಡ ಗಂಡನಿಗೆ ಮಾತ್ರ.

ಒಂದು ಬೆಳಗ್ಗೆ ಭಾವ ಬಟ್ಟೆ ಹಿಂಡುತ್ತಿದ್ದರು, ಅಕ್ಕ ಪಕ್ಕದಲ್ಲಿ ಕೂತು ಹಿಂದಿನ ಮನೆಯವರ ಜಗಳದ ಕತೆ ಹೇಳುತ್ತಿದ್ದಳು. ಸೊಸೆ ಮುನಿಸಿಕೊಂಡು ಕೋಣೆಯಲ್ಲಿ ಕೂತಿದ್ದಾಳೆ, ಅತ್ತೆ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ, ಕತೆ ಅಷ್ಟಕ್ಕೆ ಬರುವಾಗ ಯಂತ್ರ ಕಿವಿಯಿಂದ ಜಾರಿ ಬಕೆಟ್ಟಿಗೆ ಬಿತ್ತು. ರಿಪೇರಿಗೆ ಹೋಗಿ ವಾರದ ಮೇಲೆ ಬಂತು. ಒಳಗಿನ ಭಾಗವೆಲ್ಲ ಹೊಸದು, ಹಳೆಯ ಹೊಂದಾಣಿಕೆ ಒಂದೂ ಇಲ್ಲ.

ಡಾಕ್ಟರಮ್ಮ ನಿವೃತ್ತರಾಗಿದ್ದರು. ಫೋನು ಮಾಡಿದರೆ, “ಆ ಲೆಕ್ಕ ನನ್ನ ತಲೇಲಿಲ್ಲಪ್ಪ, ಕಂಪ್ಯೂಟರಲ್ಲಿದೆ” ಎಂದರು. ಪೊರಕೆಯವರು ಕ್ಲಿನಿಕ್ಕಿಗೆ ಹೋದಾಗ ಹೊಸ ಡಾಕ್ಟರು ತಮ್ಮ ಹೊಸ ಪ್ರೋಗ್ರಾಮಿನಲ್ಲಿ ಹುಡುಕಿದರು. ಹೆಸರು, ವಯಸ್ಸು, ಕಿವಿಯ ಪರೀಕ್ಷೆ ಎಲ್ಲ ಬಂದಿತ್ತು. ಡಾಕ್ಟರಮ್ಮ ಕೈಯಾರೆ ಮಾಡಿದ್ದ ತಿದ್ದುಪಡಿ ಬಂದಿರಲಿಲ್ಲ.

“ಅವು ಹಳೇ ಪ್ರೋಗ್ರಾಮಿನ ಫೋಲ್ಡರಲ್ಲೇ ಇದ್ದಿರ್ಬೇಕು” ಎಂದರು ಹೊಸ ಡಾಕ್ಟರು. “ಅದನ್ನ ನಾಲ್ಕು ತಿಂಗಳ ಹಿಂದೆ ನೀವೇ ತೆಗೆದ್ರಲ್ಲ. ಏನಾದ್ರೂ ಉಳಿದಿರುತ್ತಾ?”

ಪೊರಕೆಯವರು ಎದ್ದು ಹೋಗಿ ಹಿಂದೆ ನೋಡಿದರು. ಕಂಪ್ಯೂಟರಿನ ಬೆನ್ನಿನ ಮೇಲೆ ಅವರದೇ ಸಹಿಯ ಚೀಟಿ ಇತ್ತು.

ಆ ದಿನವೇ ಅಕ್ಕನೆದುರು ನಿಂತು, “ಅಕ್ಕ, ಅದನ್ನ ಅಳಿಸಿದ್ದು ನಾನೇ” ಎಂದರು.

ಅಕ್ಕ ಅವರ ಕಿವಿಯ ಹತ್ತಿರಕ್ಕೆ ಬಾಗಿದಳು. “ಚೆನ್ನಾಗಿ ಗುಡಿಸಿದ್ಯಾ?”

“ಹ್ಞೂಂ.”

“ಮೂಲೆನೂ?”

“ಮೂಲೆನೂ ಅಕ್ಕ.”

ಅವಳು ಸದ್ದಿಲ್ಲದೆ ನಕ್ಕು ಒಳಗೆ ಹೋದಳು. ಒಂದು ಬೈಗುಳ ಬಂದಿದ್ದರೆ ಪೊರಕೆಯವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಹೊಸ ಡಾಕ್ಟರು ನಾಲ್ಕು ಸಲ ಯಂತ್ರ ತಿದ್ದಿದರು. ಭಾವನಿಗೆ ಬಸ್ಸು ಕೇಳಿತು, ನಲ್ಲಿ ಕೇಳಿತು, ಎದುರುಮನೆಯ ನಾಯಿ ಚೆನ್ನಾಗಿ ಕೇಳಿತು. ಅಕ್ಕ ಮಾತ್ರ ಕೇಳಲಿಲ್ಲ. ಅವಳು ಚೀಟಿ ಬರೆದು ತೋರಿಸಿದಳು. “ಜೀವಮಾನವೆಲ್ಲ ಅಚ್ಚಾದದ್ದು ಓದಿ ಕಣ್ಣು ಹೋಯ್ತು, ಇನ್ನು ನಿನ್ನನ್ನೂ ಓದಬೇಕಾ?” ಎಂದು ಭಾವ ಸಿಡುಕಿ, ಆಮೇಲೆ ಅದಕ್ಕೆ ತಾವೇ ನೊಂದುಕೊಂಡರು. ದಿನ ಕಳೆದಂತೆ ಅಕ್ಕ ಮಾತು ಕಡಿಮೆ ಮಾಡಿದಳು, ಆಮೇಲೆ ನಿಲ್ಲಿಸಿಯೇ ಬಿಟ್ಟಳು. ಪೊರಕೆಯವರು ಹತ್ತಿರ ಕೂತು, “ನನ್ನ ಹತ್ರ ಆದ್ರೂ ಮಾತಾಡು. ಆ ಜಗಳದ ಕತೆ ಏನಾಯ್ತು?” ಎಂದು ಗೋಗರೆದರು.

“ಅದು ಅವರಿಗೆ ಹೇಳ್ತಿದ್ದಿದ್ದು. ನಿನಗಲ್ಲ” ಎಂದಳು. ಆ ವಾರದಲ್ಲಿ ಅವಳು ಆಡಿದ ಮಾತು ಅಷ್ಟೇ.

ಪೊರಕೆಯವರು ಕ್ಲಿನಿಕ್ಕಿಗೆ ಹೋಗಿ ಡಾಕ್ಟರ ಕಂಪ್ಯೂಟರಿನ ಮುಂದೆ ಕೂತರು. ಎಲ್ಲೋ ಒಂದು ಕಡೆ ತಮ್ಮ ಕೈ ತಪ್ಪಿರಲಿ, ಒಂದು ಮೂಲೆಯಾದರೂ ಬಿಟ್ಟಿರಲಿ ಎಂದು ಹತ್ತೊಂಬತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಬೇಡಿಕೊಂಡರು. ಮೂರು ಗಂಟೆ ಹುಡುಕಿದರು. ಎಲ್ಲಿ ನೋಡಿದರೂ ಸೊನ್ನೆ. ಅಷ್ಟು ಒಳ್ಳೆಯ ಕೆಲಸವನ್ನು ಅವರು ಬೇರೆ ಯಾರ ಕೈಯಲ್ಲೂ ಕಂಡಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಬಂದು ಕೂತಾಗ ಅವರಿಗೆ ಅಳು ಬಂತು. ಕರವಸ್ತ್ರದಿಂದ ಕನ್ನಡಕ ಒರೆಸುವ ನೆಪದಲ್ಲಿ ಅತ್ತರು.

ಮುಂದಿನ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಹೆಂಗಸು ತನ್ನ ಕಂಪ್ಯೂಟರನ್ನು ಆಗಷ್ಟೇ ಮತ್ತೆ ಚಾಲೂ ಮಾಡಿದ್ದಳು. ಪೊರಕೆಯವರಿಗೂ ಅವಳಿಗೂ ಎರಡು ವರ್ಷದಿಂದ ಶೀತಲ ಸಮರ. ಪೊರಕೆಯವರು ಜ್ವರ ಬಂದು ಮಲಗಿದ್ದಾಗ ಆ ಕಂಪ್ಯೂಟರಿನ ಕೆಲಸಕ್ಕೆ ಅರ್ಜೆಂಟು ಬಂದು ಹೋಗಿದ್ದ. ಅದನ್ನು ಗುಡಿಸಿಕೊಡುತ್ತೇನೆಂದು ಇವರು ಎಷ್ಟು ಸಲ ಹೇಳಿದರೂ, ಇಸ್ಪೀಟಿನ ಆಟವನ್ನೂ ಗುಡಿಸಿಬಿಡುತ್ತಾರೆಂಬ ಭಯದಿಂದ ಅವಳು ಮುಟ್ಟಗೊಟ್ಟಿರಲಿಲ್ಲ.

“ಥೂ, ಇದೊಂದು ಗೋಳು” ಎಂದು ಅವಳು ಪರದೆಯನ್ನು ಬೈದಳು. “ಯಾವುದೋ ಫೈಲು ಸಿಕ್ತಿಲ್ಲ ಅಂತ ಚಾಲೂ ಮಾಡಿದಾಗೆಲ್ಲ ಹೇಳುತ್ತೆ. ಎರಡು ವರ್ಷದಿಂದ ಸರಿ ಅಂತ ಒತ್ತಿ ಒತ್ತಿ ನನ್ನ ಬೆರಳು ಸವೆದುಹೋಯ್ತು.”

ಪೊರಕೆಯವರು ಎದ್ದು ನಿಂತರು. “ಒತ್ತಬೇಡಿ!” ಎಂದು ಕೂಗಿದರು. ಕಾಯುತ್ತಿದ್ದ ಇಬ್ಬರು ಕಿವುಡರೂ ತಿರುಗಿ ನೋಡಿದರು.

ಪರದೆಯ ಮೇಲೆ ಇದ್ದದ್ದು ಆ ಹಳೆಯ ಪ್ರೋಗ್ರಾಮಿನ ಹೆಸರೇ.

“ಇದರಲ್ಲೂ ಅದು ಇತ್ತಾ?”

“ಇತ್ತಲ್ಲ. ದಿನಾ ಸಂಜೆ ಡಾಕ್ಟರಮ್ಮನ ಕಂಪ್ಯೂಟರಿಂದ ಎಲ್ಲ ಇದಕ್ಕೂ ಬರ್ತಿತ್ತು. ಆಮೇಲೆ ಬೇಡ ಅಂತ ಅರ್ಜೆಂಟು ಬಂದು ತೆಗೆದ. ಹತ್ತು ನಿಮಿಷ ಅಷ್ಟೇ, ಎಷ್ಟು ನೀಟಾಗಿ ತೆಗೆದ ಗೊತ್ತಾ?”

“ಅಮ್ಮಾ, ನಿಮ್ಮ ಇಸ್ಪೀಟಿನಾಣೆ. ಏನೂ ಅಳಿಸಲ್ಲ, ನೋಡ್ತೀನಿ ಅಷ್ಟೇ” ಎಂದರು.

ರಿಜಿಸ್ಟ್ರಿಯನ್ನು ತೆರೆದರೆ ಹೆಸರು ಹಾಗೇ ಇತ್ತು, ಎದುರಿಗೆ ಫೋಲ್ಡರಿನ ವಿಳಾಸವೂ ಇತ್ತು. ಫೋಲ್ಡರನ್ನು ತೆರೆದರೆ ನಾನೂರ ಹನ್ನೆರಡು ಫೈಲು. ಪ್ರೋಗ್ರಾಮೊಂದನ್ನು ಬಿಟ್ಟರೆ ಅರ್ಜೆಂಟು ಏನೆಂದರೆ ಏನೂ ತೆಗೆದಿರಲಿಲ್ಲ. ಭಾವನ ಹೆಸರಿನ ಫೈಲಿನಲ್ಲಿ ಎಂಟು ತಿಂಗಳ ತಿದ್ದುಪಡಿಯೆಲ್ಲ ದಿನಾಂಕದ ಸಮೇತ ಸಾಲಾಗಿ ಕೂತಿತ್ತು. ಕೊನೆಯದರ ಪಕ್ಕದಲ್ಲಿ ಡಾಕ್ಟರಮ್ಮ ‘ಬೈಗುಳ ಕೇಳಿಸಿತು’ ಎಂದು ಬರೆದಿದ್ದರು.

ಪೊರಕೆಯವರು ಮನೆಗೆ ಓಡಿ ಭಾವನ ಯಂತ್ರ ತಂದುಕೊಟ್ಟರು, ಹೊಸ ಡಾಕ್ಟರು ಒಂದೊಂದೇ ಅಂಕಿಯನ್ನು ನೋಡಿ ಅದಕ್ಕೆ ತುಂಬಿದರು. ಅದು ಮುಗಿಯುವಷ್ಟರಲ್ಲಿ ಪೊರಕೆಯವರು ಬೀದಿಯ ಆ ತುದಿಗೆ ನಡೆದು ಅರ್ಜೆಂಟಿನ ಅಂಗಡಿಗೆ ಹೋಗಿ, ವಿಷಯ ಹೇಳಿ, ಕೈ ಮುಗಿದರು.

“ನಾನು ಬೇಕಂತಲೇ ಬಿಟ್ಟಿದ್ದು ಸಾರ್” ಎಂದ ಅರ್ಜೆಂಟು.

ಅದು ಹಸಿ ಸುಳ್ಳು. “ಇರಬಹುದು” ಎಂದರು ಪೊರಕೆಯವರು. ತಿರುಗಿ ಕ್ಲಿನಿಕ್ಕಿಗೆ ಬಂದು, ಹೊಸ ಚೀಟಿ ತೆಗೆದು, ‘ಎಲ್ಲ ಉಳಿದಿದೆ, ಮುಟ್ಟಬೇಡಿ’ ಎಂದು ಬರೆದು, ಆ ಹೆಂಗಸಿನ ಕಂಪ್ಯೂಟರಿನ ಬೆನ್ನಿಗೆ ಅಂಟಿಸಿದರು. ಕೆಳಗೆ ಸಹಿಯನ್ನೂ ಹಾಕಿದರು.

ಮನೆಗೆ ಬಂದಾಗ ಭಾವ ಒಣಗಿದ ಬಟ್ಟೆ ಮಡಿಸುತ್ತಿದ್ದರು, ಅಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಪೊರಕೆಯವರು ಯಂತ್ರವನ್ನು ತಾವೇ ಭಾವನ ಕಿವಿಗೆ ಇಟ್ಟು, “ಅಕ್ಕ, ಏನಾದ್ರೂ ಹೇಳು” ಎಂದರು. ಅಕ್ಕ ಹೇಳಲಿಲ್ಲ. ಅವಳಿಗೆ ಹೆದರಿಕೆ ಇತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಗಡಿಯಾರದ ಟಿಕ್‌ಟಿಕ್ ಜೋರಾಗಿದೆಯಲ್ಲ ಎಂದರು ಭಾವ.

ಅಕ್ಕ ಎದ್ದು ಬಂದು, ಬಟ್ಟೆಯ ರಾಶಿಯನ್ನು ಆಚೆ ಸರಿಸಿ, ಗಂಡನ ಎದುರು ಕೂತಳು. ಬಕೆಟ್ಟಿಗೆ ಯಂತ್ರ ಬಿದ್ದು ಅಂದಿಗೆ ಇಪ್ಪತ್ತೇಳು ದಿನವಾಗಿತ್ತು.

“ಅತ್ತೆ ಬಾಗಿಲು ಬಡೀತಾನೇ ಇದಾಳೆ,” ಎಂದಳು ಆ ಗಾಳಿಯಂಥ ದನಿಯಲ್ಲಿ. “ಅಷ್ಟರಲ್ಲಿ ಒಳಗಿಂದ ಬಾಗಿಲು ತೆಗೆದವರು ಯಾರು ಗೊತ್ತಾ?”

ಭಾವನ ಕೈಯಲ್ಲಿದ್ದ ಅಂಗಿ ಅರ್ಧ ಮಡಿಸಿದಂತೆಯೇ ನಿಂತಿತು.

“ಯಾರು?” ಎಂದರು.