ಫಿರ್ದೋಸಳ ಆಧಾರ್ ಕಾರ್ಡು

ಮಸ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿಯುವ ಫಿರ್ದೋಸಳ ಬಾಯಿಗೆ ಎಲ್ಲರೂ ಹೆದರುತ್ತಾರೆ. ಅವಳನ್ನು ಯಾರೂ 'ತಂಗಿ' ಅನ್ನುವಂತಿಲ್ಲ. ಸಿಲಿಂಡರ್ ತರುವ ಹಫೀಜ್ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟ.

"ಯಾವ ಸಂಬಂಧದಾಗ ತಂಗಿನೋ? ಸಿಲಿಂಡರ್ ಇಳಿಸು, ನಡಿ!"

ಪಾಪ, ಅಂದಿನಿಂದ ಅವನು ಸಿಲಿಂಡರನ್ನು ಹೊಸ್ತಿಲಾಚೆಯೇ ಇಟ್ಟು ಹೋಗುತ್ತಾನೆ.

ಅವಳ ಬದುಕು ಕೆಟ್ಟದ್ದೂ ಇಂಥದೇ ಸಂಬಂಧದ ಮಾತಿನಿಂದ. ಸಂತೆಕಲ್ಲೂರಿನಲ್ಲಿದ್ದಾಗ ಸುಲ್ತಾನಾ ಎಂಬ ಹೆಂಗಸು ಅಪ್ಪನಿಗೆ ದೂರದ ತಂಗಿಯೆಂದು ನಂಟು ಹೇಳಿಕೊಂಡು, "ನಾ ನಿನಗ ಫುಪ್ಪು ಆಗಬೇಕು," ಎನ್ನುತ್ತ ಮನೆಗೆ ಬಂದಳು. ಪುಣೆಯಲ್ಲಿ ಗಾರ್ಮೆಂಟ್ ಕೆಲಸ ಎಂದಳು. ಬಸ್ಸು ಹತ್ತುವ ಮುಂಚೆಯೇ, "ಕಳಕೊಂಡೀಯವ್ವಾ, ನನ್ನ ಹತ್ರ ಇರ್ಲಿ," ಎಂದು ಆಧಾರ್ ಕಾರ್ಡು ಇಸಿದುಕೊಂಡಳು. ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ ಉತ್ತರ ಕೊಟ್ಟವಳೂ ಅವಳೇ. ಗಾರ್ಮೆಂಟೂ ಇಲ್ಲ, ಮಣ್ಣೂ ಇಲ್ಲ, ಹುಡುಗಿಯನ್ನು ಮಾರಿಬಿಟ್ಟಳು. ಪೊಲೀಸರು ಬಿಡಿಸಿ ತಂದ ಮೇಲೆ ಫಿರ್ದೋಸ್ ಸರ್ಕಾರದ ಆಶ್ರಯ ಮನೆಯಲ್ಲಿ ಹೊಲಿಗೆ ಕಲಿತಳು. ನಂಬುವುದನ್ನು ಮಾತ್ರ ಅಲ್ಲಿ ಯಾರಿಂದಲೂ ಕಲಿಸಲಾಗಲಿಲ್ಲ.

ಈಗ ಮಹಿಳಾ ಮತ್ತು ಮಕ್ಕಳ ಇಲಾಖೆಯ ಅಂಬಮ್ಮ ಬಂದು ಎದುರಿಗೆ ಕೂತಿದ್ದಳು.

"ನಾಳಿ ಲಿಂಗಸುಗೂರು ಕೋರ್ಟಿನಾಗ ನಿನ್ನ ಸಾಕ್ಷಿ ಐತಿ ಫಿರ್ದೋಸ. ನೀ ಹೇಳದಿದ್ರ ಸುಲ್ತಾನಾ ಬಿಡುಗಡಿ ಆಗ್ತಾಳ. ಜಾಮೀನಿನ ಮ್ಯಾಲೆ ಹೊರಗ ಬಂದಾಕಿ ಜವಳಗೇರಾದಾಗ ನಾಟಿ ಹಚ್ಚೋ ಹುಡುಗ್ಯಾರ ಕೂಡ ಮಾತಾಡಾಕತ್ತಾಳಂತ."

ಅಂಬಮ್ಮನ ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಗಾರ್ಮೆಂಟ್ ಕಂಪನಿಯದೆಂದು ತೋರಿಸಿದ್ದ ಅಂಥದೊಂದು ಸುಲ್ತಾನಾಳ ಹತ್ತಿರವೂ ಇತ್ತು. ಫಿರ್ದೋಸ್ ಅವಳ ಎದುರಿಗೇ ಇಲಾಖೆಗೆ ಫೋನು ಹಚ್ಚಿ ವಿಚಾರಿಸಿದಳು. ಹೌದೆಂದರು. ಫೋನು ಎತ್ತಿದವರೂ ಇವಳ ಕಡೆಯವರೇ ಇದ್ದರೆ?

"ನಾ ಬರಲ್ಲ ಅಂದ್ರ ಏನ್ ಮಾಡ್ತೀರಿ?"

"ಬಲವಂತ ಇಲ್ಲವ್ವಾ. ಬರೋದಾದ್ರ ನಿಮ್ಮವ್ವನ್ನೂ ಕರ್ಕೊಂಡು ಬಾ."

ಇಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದು ನೋಡಿ ಫಿರ್ದೋಸಳ ಅನುಮಾನ ಇನ್ನಷ್ಟು ಬಲಿಯಿತು. ಕೆಟ್ಟವರು ಮೊದಮೊದಲು ಒಳ್ಳೆಯವರೇ ಆಗಿರುತ್ತಾರಲ್ಲ!

ಮರುದಿನ ಬೆಳಿಗ್ಗೆ ತಾಯಿ ಖಾತೂನ್‌ಬೀಯನ್ನು ಕರೆದುಕೊಂಡು ನಿಲ್ದಾಣಕ್ಕೆ ಬಂದಳು. ಬಂದದ್ದು ಹೋಗಲೇಬೇಕೆಂದಲ್ಲ, ಈ ಅಂಬಮ್ಮನ ಬಣ್ಣ ಬಯಲು ಮಾಡಲಿಕ್ಕೆ. ಹೊಸದಾಗಿ ಮಾಡಿಸಿದ ಆಧಾರ್ ಕಾರ್ಡನ್ನು ಮುಂದೆ ಚಾಚಿದಳು.

"ಮೇಡಂ, ನಾ ಎಲ್ಯಾರ ಕಳಕೊಳ್ತೀನ್ರಿ. ನಿಮ್ಮ ಹತ್ರ ಇಟ್ಕೋರಿ."

ಅಂಬಮ್ಮನ ಕೈ ಮುಂದೆ ಬಂತು. ಇಗೋ, ಸಿಕ್ಕಿಬಿದ್ದಳು!

ಆ ಕೈ ಕಾರ್ಡನ್ನು ಫಿರ್ದೋಸಳ ಪರ್ಸಿಗೇ ಸೇರಿಸಿ ಜಿಪ್ ಎಳೆಯಿತು.

"ಹುಚ್ಚಿ, ಇದನ್ನ ಯಾರ ಕೈಯಾಗೂ ಕೊಡಬ್ಯಾಡ. ನನ್ನ ಕೈಯಾಗೂ."

ಫಿರ್ದೋಸಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಅಂದು ಈ ಒಂದು ಮಾತು ಹೇಳುವವರು ಒಬ್ಬರಾದರೂ ಇರಬಾರದಿತ್ತೇ? ಬಸ್ಸು ಬಂತು. ಹತ್ತಿದಳು. ಹತ್ತಿದ ಮೇಲೂ ಹಿಂದಿನ ಸೀಟಿನಲ್ಲಿ ಯಾರಿದ್ದಾರೆಂದು ಎರಡು ಸಲ ತಿರುಗಿ ನೋಡಿದಳು.

ಕಂಡಕ್ಟರ್ ಹೆಂಗಸರ ಉಚಿತ ಟಿಕೆಟ್ ಹರಿಯಲು ಬಂದು ಖಾತೂನ್‌ಬೀಯ ಮುಖ ನೋಡಿದ.

"ಎಲ್ಲಿಗವ್ವಾ?"

ಮುದುಕಿ ಬಾಯಿ ತೆರೆಯುವಷ್ಟರಲ್ಲಿ ಫಿರ್ದೋಸ್ ಅವಳ ತೋಳು ಹಿಡಿದು ತಡೆದಳು; ತನ್ನ ಕಾರ್ಡನ್ನು ತಾನೇ ಮುಂದೆ ಹಿಡಿದಳು.

"ಲಿಂಗಸುಗೂರು," ಎಂದಳು. ಅವನು ಕೇಳಿದ್ದು ಊರನ್ನಷ್ಟೇ. ಆದರೂ ಇಡೀ ಬಸ್ಸಿಗೆ ಕೇಳುವಂತೆ ಅಂದಳು: "ಕೋರ್ಟಿಗೆ!"