ಕೋಚ್ ಮನೆಯ ಗೌರಿ ಬಾಗಿನ

ಕಳೆದ ವರ್ಷದ ಗೌರಿ ಹಬ್ಬವನ್ನು ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ. ಡಲ್ಲಾಸ್ ಪಕ್ಕದ ಫ್ರಿಸ್ಕೋಗೆ ನಾವು ಬಂದು ಇಪ್ಪತ್ತು ವರ್ಷ ದಾಟಿದೆ. ಅಷ್ಟು ವರ್ಷಗಳಲ್ಲಿ ನನ್ನ ಹೆಂಡತಿ ವನಜಾ ಬಾಗಿನ ಕೊಡದ ಗೌರಿ ಹಬ್ಬವಿಲ್ಲ. ಆದರೆ ಬಾಗಿನದ ವಿಷಯಕ್ಕೆ ಅಮೆರಿಕದ ಕಾಲೇಜೊಂದು ಅವಳನ್ನು ವಿಚಾರಣೆ ಮಾಡಿದ್ದು ಅದೇ ಮೊದಲು.

ಇದು ಅರ್ಥವಾಗಬೇಕಾದರೆ ನಮ್ಮ ಮಗಳು ಮೇಘನಾ ಏನು ಕೆಲಸ ಮಾಡುತ್ತಾಳೆಂದು ಹೇಳಬೇಕು. ಅವಳು ಆಸ್ಟಿನ್‌ನ ಒಂದು ಕಾಲೇಜಿನಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅಸಿಸ್ಟೆಂಟ್ ಕೋಚ್. ಮೈಸೂರಿನ ನೆಂಟರಿಗೆ ಇದನ್ನು ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗುತ್ತದೆ. "ಓ, ಪಿ.ಟಿ. ಮಿಸ್ಸಾ?" ಎಂದು ಕೇಳಿ ಸುಮ್ಮನಾಗುತ್ತಾರೆ. ನಮ್ಮದು ಮೊದಲೇ ಕುಳ್ಳರ ವಂಶ, ಆ ಎತ್ತರಕ್ಕೆ ಬ್ಯಾಸ್ಕೆಟ್‌ಬಾಲ್ ಆಸೆಪಡುವುದೇ ದೊಡ್ಡ ಧೈರ್ಯ. ಆದರೂ ಹ್ಯೂಸ್ಟನ್‌ನಲ್ಲಿ ಓದುವಾಗ ಸ್ಕಾಲರ್‌ಷಿಪ್ ಇಲ್ಲದೆಯೇ ತಂಡ ಸೇರಿಕೊಂಡಳು. ಓದು ಮುಗಿಯುವವರೆಗೂ ಬೆಂಚೇ ಗತಿ. ನಾವಿಬ್ಬರೂ ಅಷ್ಟು ದೂರ ಡ್ರೈವ್ ಮಾಡಿಕೊಂಡು ಹೋಗಿ, ಮಗಳು ಕೂತಿರುವುದನ್ನು ಕಣ್ತುಂಬ ನೋಡಿ, ಹಿಲ್‌ಕ್ರಾಫ್ಟ್ ರಸ್ತೆಯಲ್ಲಿ ಮಸಾಲೆದೋಸೆ ತಿಂದು ಬರುತ್ತಿದ್ದೆವು.

ಕೂತಲ್ಲಿಂದಲೇ ಅವಳು ಪಕ್ಕದ ಹುಡುಗಿಯರಿಗೆ, ಎದುರು ತಂಡದವರು ಮುಂದೆ ಏನು ಮಾಡುತ್ತಾರೆಂದು ಹೇಳುತ್ತಿದ್ದಳಂತೆ. ಹೆಚ್ಚಿನ ಸಲ ಅವಳು ಹೇಳಿದಂತೆಯೇ ಆಗುತ್ತಿತ್ತಂತೆ. ಅದು ಅಲ್ಲಿನ ಕೋಚ್ ಕಿವಿಗೆ ಬಿತ್ತು. ಡಿಗ್ರಿ ಮುಗಿದ ಮೇಲೆ ಪಂದ್ಯಗಳ ವಿಡಿಯೊ ನೋಡಿ ಬೇಕಾದ ಭಾಗ ಕತ್ತರಿಸಿ ಕೊಡುವ ಕೆಲಸ ಕೊಟ್ಟರು. ಅಲ್ಲಿಂದ ಒಂದು ಸಣ್ಣ ಕಾಲೇಜು, ಅಲ್ಲಿಂದ ಆಸ್ಟಿನ್. ಅವಳ ಜೊತೆಯವರೆಲ್ಲ ಡಾಕ್ಟರು, ಇಂಜಿನಿಯರು ಆಗಿ ಮನೆ ಕೊಂಡರು. ಇವಳು ಕಾರಿನ ಡಿಕ್ಕಿಯಲ್ಲಿ ಚೆಂಡು ತುಂಬಿಕೊಂಡು ಊರೂರು ಸುತ್ತುತ್ತಿದ್ದಳು.

ಆಟ ಹೇಳಿಕೊಡುವುದು ಈ ಕೆಲಸದಲ್ಲಿ ಅರ್ಧ ಮಾತ್ರ. ಇನ್ನರ್ಧ, ಹೈಸ್ಕೂಲುಗಳಲ್ಲಿ ಚೆನ್ನಾಗಿ ಆಡುವ ಹುಡುಗಿಯರನ್ನು ಹುಡುಕಿ, ಅವರ ಅಪ್ಪ ಅಮ್ಮನನ್ನು ಒಪ್ಪಿಸಿ ತಮ್ಮ ಕಾಲೇಜಿಗೆ ಕರೆತರುವುದು. ಥೇಟ್ ಹೆಣ್ಣು ಕೇಳಲು ಹೋದ ಹಾಗೆಯೇ. ಒಂದೇ ಮನೆ ಬಾಗಿಲಿಗೆ ನಾಲ್ಕಾರು ಕಾಲೇಜಿನವರು ಬಂದಿರುತ್ತಾರೆ. ಆಸ್ಟಿನ್‌ಗೆ ಹೋಗಿ ಎರಡು ವರ್ಷವಾದರೂ ಮೇಘನಾ ತಾನಾಗಿ ಒಬ್ಬಳನ್ನೂ ಕರೆತಂದಿರಲಿಲ್ಲ. "ಈ ಸಲ ಯಾರೂ ಬರದಿದ್ದರೆ ಮುಂದಿನ ವರ್ಷ ನಿನ್ನನ್ನು ಉಳಿಸಿಕೊಳ್ಳುವುದು ಕಷ್ಟ" ಎಂದು ಹೆಡ್ ಕೋಚ್ ನಯವಾಗಿಯೇ ಹೇಳಿದ್ದರು.

ಮೇಘನಾಳ ಆಸೆಯೆಲ್ಲ ಅನ್ವಿತಾ ಎಂಬ ಹುಡುಗಿಯ ಮೇಲಿತ್ತು. ಫ್ರಿಸ್ಕೋದಲ್ಲೇ ಹೈಸ್ಕೂಲಿನ ಕೊನೆಯ ವರ್ಷ ಓದುತ್ತಿದ್ದಳು. ಅಪ್ಪ ಗಿರೀಶ್, ಅಮ್ಮ ಶೈಲಜಾ. ಧಾರವಾಡದವರು, ಕನ್ನಡ ಸಂಘದಲ್ಲಿ ನಮಗೂ ಪರಿಚಯ. ಮೇಘನಾ ಓದಿದ್ದಲ್ಲ, ಹ್ಯೂಸ್ಟನ್‌ನ ಬೇರೊಂದು ದೊಡ್ಡ ಕಾಲೇಜು ಕೂಡ ಆ ಹುಡುಗಿಯ ಹಿಂದೆ ಬಿದ್ದಿತ್ತು.

ಹಬ್ಬದ ದಿನ ಶೈಲಜಾ ಮಗಳೊಂದಿಗೆ ನಮ್ಮ ಮನೆಗೆ ಬಂದರು. ಪ್ರಾಕ್ಟೀಸ್ ಇದೆಯೆಂದು ಮೇಘನಾ ಬಂದಿರಲಿಲ್ಲ. ವನಜಾ ಬಂದ ಮುತ್ತೈದೆಯರಿಗೆಲ್ಲ ಕೊಟ್ಟಂತೆ ಶೈಲಜಾಗೂ ಮೊರದ ಬಾಗಿನ ಕೊಟ್ಟಳು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಒಳಗೆ ಹೋಗಿ, ಮೇಘನಾಗೆಂದು ಮೈಸೂರಿನಿಂದ ತಂದಿಟ್ಟಿದ್ದ ಲಂಗದ ರೇಷ್ಮೆ ಬಟ್ಟೆ ತಂದು ಅನ್ವಿತಾಳ ಕೈಗಿಟ್ಟು, "ಮುಂದಿನ ವರ್ಷ ನಮ್ಮ ಹುಡುಗಿ ಹತ್ತಿರ ಬರೋಳು, ನೀನು ನಮ್ಮ ಮನೆ ಮಗು ಕಣೇ" ಎಂದಳು. ನಾನು ಚೆಂದದ ಒಂದು ಫೋಟೊ ತೆಗೆದು ಮಗಳಿಗೆ ಕಳಿಸಿದೆ.

ಅವರು ಹೊರಟ ಐದೇ ನಿಮಿಷದಲ್ಲಿ ಫೋನ್ ಬಂತು.

"ಅಪ್ಪಾ, ಅನ್ವಿತಾ ಕೈಯಲ್ಲಿರೋದು ಏನು? ಅಮ್ಮ ಕೊಟ್ಟಿದ್ದಾ?"

ಕಾಲೇಜಿಗೆ ಕರೆಯುತ್ತಿರುವ ಹುಡುಗಿಗಾಗಲಿ ಅವಳ ಮನೆಯವರಿಗಾಗಲಿ ಕೋಚ್ ಕಡೆಯವರು ಉಡುಗೊರೆ ಕೊಡುವ ಹಾಗಿಲ್ಲವಂತೆ. ಕೋಚ್‌ನ ಅಪ್ಪ ಅಮ್ಮನೂ ಅದರಲ್ಲಿ ಸೇರುತ್ತಾರಂತೆ. ವನಜಾ ಫೋನ್ ಕಸಿದುಕೊಂಡು ಸ್ಪೀಕರ್ ಹಾಕಿದಳು. "ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗೂನ ಬರಿಗೈಲಿ ಕಳಿಸಬೇಕಿತ್ತಾ? ನಿನ್ನ ರೂಲ್ಸೆಲ್ಲ ನಿನ್ನ ಕೋರ್ಟಲ್ಲಿ ಇಟ್ಕೊ."

"ಅಮ್ಮ, ನಾನು ಇದನ್ನ ರಿಪೋರ್ಟ್ ಮಾಡ್ಬೇಕು."

"ಯಾರ ಮೇಲೆ?"

"ನಿನ್ನ ಮೇಲೆ. ಅಂದ್ರೆ, ನನ್ನ ಮೇಲೇನೇ."

ವನಜಾ ನನ್ನ ಮುಖ ನೋಡಿದಳು. ನಾನು ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, "ಒಂದು ಬಟ್ಟೆ ಅಷ್ಟೇ ಅಲ್ವೇನಮ್ಮಾ, ಯಾರಿಗೆ ಗೊತ್ತಾಗುತ್ತೆ, ನೋಡು, ಯೋಚನೆ ಮಾಡು" ಎಂದೆ. ಮಗಳ ದನಿ ಸಣ್ಣಗಾಯಿತು. "ಅಪ್ಪಾ, ಮುಂದೆ ಯಾವತ್ತಾದ್ರೂ ಗೊತ್ತಾದ್ರೆ ಅವಳನ್ನ ಆಡೋಕೆ ಬಿಡಲ್ಲ. ನಂಗೇನೋ ಇನ್ನೊಂದು ಜಾಬ್ ಸಿಗುತ್ತೆ. ಅವಳಿಗೆ ಇನ್ನೊಂದು ಚಾನ್ಸ್ ಸಿಗುತ್ತಾ?" ಅವಳು ಮೊದಲು ಗಿರೀಶ್‌ಗೆ ಫೋನ್ ಮಾಡಿ ಎಲ್ಲ ತಿಳಿಸಿ, ಆಮೇಲೆ ಕಾಲೇಜಿನಲ್ಲಿ ನಿಯಮಗಳನ್ನು ನೋಡಿಕೊಳ್ಳುವ ಕಚೇರಿಗೆ ಹೋಗಿ ಹೇಳಿದಳು.

ಆ ವಾರವೇ ಆ ಕಚೇರಿಯ ಹಿರಿಯ ಹೆಂಗಸೊಬ್ಬರು ವಿಡಿಯೊ ಕಾಲ್ ಮಾಡಿದರು. ಮೇಘನಾ ಅವರ ಪಕ್ಕದಲ್ಲಿ ಕೂತಿದ್ದಳು, ಬಾಯಿ ಬಿಡುವ ಹಾಗಿರಲಿಲ್ಲ. ಮೊದಲ ಪ್ರಶ್ನೆ, ಬಾಗಿನ ಎಂದರೇನು. ವನಜಾ ಎದ್ದು ದೇವರ ಮನೆಯಿಂದ ಜೋಡಿ ಮೊರ ತಂದು ಕ್ಯಾಮರಾಗೆ ಹಿಡಿದಳು. ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ಅಕ್ಕಿ, ಬೇಳೆ, ಬೆಲ್ಲ, ಒಂದೊಂದನ್ನೂ ಎತ್ತಿ ತೋರಿಸಿದಳು. ಆಕೆ ಶ್ರದ್ಧೆಯಿಂದ ಬರೆದುಕೊಂಡರು. ಒಂದರ ಮೇಲೊಂದು ಮೊರ ಏಕೆ ಮುಚ್ಚುತ್ತೀರಿ ಎಂದೂ ಕೇಳಿದರು. ವನಜಾ ನನ್ನ ಕಡೆ ತಿರುಗಿದಳು. ಮೈಸೂರಿನಲ್ಲಿ ಹುಟ್ಟಿ ಬೆಳೆದ ನನಗೂ ಗೊತ್ತಿರಲಿಲ್ಲ.

"ಇದನ್ನು ಬಂದವರಿಗೆಲ್ಲ ಕೊಟ್ಟಿರಾ?" ಹೌದು, ಮದುವೆಯಾದಾಗಿನಿಂದ ಪ್ರತಿ ವರ್ಷವೂ. ಹಾಗಿದ್ದರೆ ಅದು ಹಬ್ಬದ ಪದ್ಧತಿ, ತೊಂದರೆಯಿಲ್ಲ ಎಂದರು. ನನಗೆ ಹೋದ ಜೀವ ಬಂದಂತಾಯಿತು.

"ಮತ್ತೆ ಆ ಹುಡುಗಿಗೆ ಕೊಟ್ಟ ರೇಷ್ಮೆ? ಅದನ್ನೂ ಎಲ್ಲ ಹುಡುಗಿಯರಿಗೆ ಕೊಟ್ಟಿರಾ?"

ಹೂಂ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಹೂಂ ಎನ್ನು ಎಂದು ನಾನು ಮೇಜಿನ ಕೆಳಗೆ ಕಾಲು ತಾಗಿಸಿದೆ. ವನಜಾ ಪರದೆಯ ಮೇಲಿನ ಮಗಳನ್ನು ನೋಡಿದಳು. ಮೇಘನಾ ತಲೆ ತಗ್ಗಿಸಿ ಕೂತಿದ್ದಳು. "ಇಲ್ಲ, ಅವಳೊಬ್ಬಳಿಗೇ" ಎಂದು ವನಜಾ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದಳು. "ನನ್ನ ಮಗಳ ಕಾಲೇಜಿಗೆ ಬರಲಿ ಅನ್ನೋ ಆಸೆಗೆ ಕೊಟ್ಟೆ." ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ತೀರ್ಪು ಬಂತು. ಬಟ್ಟೆ ಹಿಂದಿರುಗಿಸಬೇಕು, ಇಲ್ಲವೇ ಅದರ ಬೆಲೆಯಷ್ಟು ಹುಡುಗಿಯ ಮನೆಯವರು ಯಾವುದಾದರೂ ದತ್ತಿ ಸಂಸ್ಥೆಗೆ ಕೊಡಬೇಕು. ಅರಿಶಿನ ಕುಂಕುಮದ ಜೊತೆ ಕೊಟ್ಟದ್ದನ್ನು ವಾಪಸ್ಸು ಪಡೆಯಲು ವನಜಾ ಸುತರಾಂ ಒಪ್ಪಲಿಲ್ಲ. ಗಿರೀಶ್ ಮನೆಯವರು ಬಡವರಿಗೆ ಊಟ ಕೊಡುವ ಸಂಸ್ಥೆಗೆ ಆ ಹಣ ಕೊಟ್ಟರು. ಅದರಿಂದ ಅನ್ವಿತಾಗೆ ತೊಂದರೆ ತಪ್ಪಿತು. ಶಿಕ್ಷೆಯಾದದ್ದು ಮೇಘನಾಗೆ. ಕೆಲವು ವಾರ ಅವಳು ಅನ್ವಿತಾಗೆ ಫೋನ್ ಸಹ ಮಾಡುವ ಹಾಗಿರಲಿಲ್ಲ, ಗಿರೀಶ್ ಮನೆಯವರ ಹತ್ತಿರ ಆ ವಿಷಯ ನಾವೂ ಎತ್ತುವ ಹಾಗಿರಲಿಲ್ಲ. ಹುಡುಗಿಯರು ಕಾಲೇಜು ತೀರ್ಮಾನಿಸುವ ಕಾಲವೇ ಅದು. ಹ್ಯೂಸ್ಟನ್‌ನವರು ಅಷ್ಟರಲ್ಲಿ ಗಿರೀಶ್ ಮನೆಗೆ ಬಂದು ಹೋದರೆಂದು ಸುದ್ದಿಯಾಯಿತು.

ವನಜಾ ಮಗಳೊಂದಿಗೆ ಮಾತು ಕಡಿಮೆ ಮಾಡಿದಳು. "ಹೆತ್ತ ತಾಯಿ ಮೇಲೆ ದೂರು ಕೊಟ್ಟು ಕಡೆಗೆ ಏನು ಸಿಕ್ಕಿತು ಅವಳಿಗೆ" ಎಂದು ಒಗ್ಗರಣೆ ಹಾಕುತ್ತಾ ಗೊಣಗುತ್ತಿದ್ದಳು. ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. ಮಗಳ ಕೆಲಸ ಹೋದರೆ ಅದು ತನ್ನ ಕೈಯಾರೆ ಆದದ್ದು ಎಂಬ ಕೊರಗು.

ಆ ನಿರ್ಬಂಧ ಮುಗಿಯುವ ಮೊದಲೇ ನವೆಂಬರ್‌ನಲ್ಲಿ ಸಂಘದ ರಾಜ್ಯೋತ್ಸವ ಬಂತು. ಬಿಸಿಬೇಳೆಬಾತಿನ ಸಾಲಿನಲ್ಲಿ ವನಜಾ ಮತ್ತು ಶೈಲಜಾ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ನಿಂತಿದ್ದರು. ಜನ ಏನೋ ಜಗಳವಾಗಿದೆ ಅಂದುಕೊಂಡಿರಬೇಕು. ಆಗ ಗಿರೀಶ್ ತಟ್ಟೆ ಹಿಡಿದು ನನ್ನ ಪಕ್ಕ ಬಂದು ಕೂತರು.

"ಸರ್, ಮಾತಾಡ್ಲಿಕ್ಕೆ ನಿಮಗ ರೂಲ್ ಅಡ್ಡ ಬರ್ತದ, ನನಗೇನಿಲ್ಲಲ್ಲ. ನಾ ಹೇಳ್ತೀನಿ, ನೀವು ಸುಮ್ನ ಊಟಾ ಮಾಡ್ರಿ."

ನಾನು ಸುಮ್ಮನೆ ಊಟ ಮಾಡಿದೆ.

"ಹ್ಯೂಸ್ಟನ್ ಮಂದಿ ಬಂದಿದ್ರು. ದೊಡ್ಡ ಸ್ಟೇಡಿಯಂ, ಬೂಟು, ಬಟ್ಟಿ, ಎಲ್ಲಾ ತೋರ್ಸಿದ್ರು. ನಮಗ ಕಹಿ ಅನ್ಸೋ ಮಾತು ಒಂದೂ ಹೇಳ್ಲಿಲ್ಲ ನೋಡ್ರಿ. ನಿಮ್ಮ ಮಗಳು ಫೋನ್ ಮಾಡಿದ್ದು ಏನಂತ? 'ಅಂಕಲ್, ಇದ್ರಿಂದ ಅನ್ವಿತಾಗೆ ಪ್ರಾಬ್ಲಮ್ ಆಗ್ಬಾರ್ದು, ನಾನೇ ರಿಪೋರ್ಟ್ ಮಾಡ್ತೀನಿ, ನೀವು ಬೇರೆ ಕಾಲೇಜಿಗೆ ಕಳಿಸಿದ್ರೂ ನಂಗೆ ಬೇಜಾರಿಲ್ಲ' ಅಂತ." ಅವರು ತಟ್ಟೆ ಕೆಳಗಿಟ್ಟರು. "ನಮ್ಮಕಿ ನಾಲ್ಕು ವರ್ಷ ಮನಿ ಬಿಟ್ಟು ಇರ್ಲಿಕ್ಕೆ ಹೊಂಟಾಳ. ಕಾಲಿಗೆ ಪೆಟ್ಟಾದ್ರ, ಆಡ್ಲಿಕ್ಕೆ ಬಿಡದಿದ್ರ, ನಮಗ ಖರೇ ಹೇಳೋರು ಯಾರರೆ ಬೇಕಲ್ರಿ. ಸ್ವಂತ ತಾಯಿ ಮ್ಯಾಲೆ ರಿಪೋರ್ಟ್ ಕೊಟ್ಟಾಕಿ ನಮಗ ಸುಳ್ಳು ಹೇಳ್ತಾಳೇನು? ಆಸ್ಟಿನ್‌ಗೇ ಕಳಸ್ತೀವಿ. ಸೋಮವಾರ ಅನ್ವಿತಾನೇ ಹೇಳ್ತಾಳ, ಅಲ್ಲೀತನಕಾ ನೀವು ಮಗಳಿಗೆ ಹೇಳಬ್ಯಾಡ್ರಿ."

ನನ್ನ ಮಗಳ ಬಗ್ಗೆ ಇನ್ನೊಬ್ಬ ತಂದೆ ಆಡಿದ ಮಾತು ಅದು. ನಾನು ತಲೆಯಾಡಿಸಿದೆ, ಅಷ್ಟೇ.

ಮನೆಗೆ ಹೋಗುವಾಗ ಕಾರಿನಲ್ಲಿ ವನಜಾಗೆ ಎಲ್ಲ ಹೇಳಿದೆ. ಅವಳು ಕೂಡಲೇ ಸ್ಪೀಕರ್ ಹಾಕಿ ಮಗಳಿಗೆ ಫೋನ್ ಮಾಡಿದಳು. ಸುದ್ದಿ ಹೇಳಿಬಿಡುತ್ತಾಳೇನೋ ಎಂದು ನಾನು ಕೈಸನ್ನೆ ಮಾಡಿದೆ, ಅವಳು ನನ್ನ ಕಡೆ ನೋಡಲೇ ಇಲ್ಲ.

"ಊಟ ಆಯ್ತಾ?"

"ಇನ್ನೂ ಇಲ್ಲ ಅಮ್ಮ. ಏನಾಯ್ತು?"

"ಏನೂ ಆಗಿಲ್ಲ. ನೀನು ಮಾಡಿದ್ದು ಸರಿ ಇತ್ತು ಕಣೇ. ಹೇಳ್ಬೇಕು ಅನ್ನಿಸ್ತು."

ಅನ್ವಿತಾ ಕೈತಪ್ಪಿ ಹೋದಳೆಂದೇ ನಂಬಿದ್ದವಳು ಮೇಘನಾ, ಕೆಲಸವೂ ಹೋಯಿತೆಂದುಕೊಂಡವಳು. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ಥ್ಯಾಂಕ್ಸ್ ಅಮ್ಮ. ಇಷ್ಟು ಸಾಕು ನಂಗೆ" ಎಂದಳು.

ಅನ್ವಿತಾ ಆಸ್ಟಿನ್‌ಗೆ ಬರುವುದು ಖಚಿತವಾಯಿತು, ಮೇಘನಾಳ ಕೆಲಸವೂ ಉಳಿಯಿತು. ಅದಕ್ಕೆ ಸಂತೋಷಪಟ್ಟೆವು, ಸಿಹಿ ಹಂಚಿದೆವು. ಆದರೆ ನನಗೆ ಮಗಳ ಬಗ್ಗೆ ಅತಿ ಹೆಚ್ಚು ಹೆಮ್ಮೆಯೆನಿಸಿದ್ದು ಅವತ್ತು ಕಾರಿನಲ್ಲಿ, ಎಲ್ಲ ಕಳೆದುಕೊಂಡೆನೆಂದು ತಿಳಿದಿದ್ದೂ "ಇಷ್ಟು ಸಾಕು" ಎಂದು ಅವಳು ಹೇಳಿದಾಗ.